ನೆಲದ ಮೇಲಿನ ಅಳತೆ ಮತ್ತು ನೆಲದೊಳಗಿನ ನೀರು



ಮಲೆನಾಡಿನಲ್ಲಿ ಮಳೆ ಹೇರಳ. ಆದರೂ ಬೇಸಿಗೆಯಲ್ಲಿ ಅಡಿಕೆ ತೋಟಗಳಿಗೆ ನೀರು ಸಾಲದೆ ಕೊಳವೆಬಾವಿ ಕೊರೆಸುವವರು ಅನೇಕರು. ನೀರು ಸಿಗದ ಒಂದು ಬಾವಿ ಒಂದು ಕುಟುಂಬವನ್ನು ವರ್ಷಗಟ್ಟಲೆ ಸಾಲದಲ್ಲಿ ಕೆಡವಬಲ್ಲದು. ಆದ್ದರಿಂದ ಕೊರೆಯುವ ಮೊದಲು ಭೂಭೌತ ಸಮೀಕ್ಷೆ ನಡೆಸುವುದು ವಿವೇಕ. ಆದರೆ ಆ ಸಮೀಕ್ಷೆ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಕೃಷಿಕರು ಅರಿತಿರಬೇಕು.

ಹೆಚ್ಚು ಬಳಕೆಯಲ್ಲಿರುವುದು ವಿದ್ಯುತ್ ರೋಧಕತೆಯ ವಿಧಾನ. ಫ್ರಾನ್ಸಿನ ಕಾನ್ರಾಡ್ ಶ್ಲಂಬರ್ಜೆ 1912ರಲ್ಲಿ ಇದರ ಪ್ರಯೋಗಗಳನ್ನು ನಡೆಸಿದರು. 1915ರಲ್ಲಿ ಅಮೆರಿಕದ ಫ್ರಾಂಕ್ ವೆನ್ನರ್ ಸಮಾನ ಅಂತರದ ನಾಲ್ಕು ಸಲಾಕೆಗಳ ಜೋಡಣೆಯನ್ನು ವಿವರಿಸಿದರು. ಹೊರಗಿನ ಎರಡು ಸಲಾಕೆಗಳ ಮೂಲಕ ನೆಲಕ್ಕೆ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವಿನ ವೋಲ್ಟೇಜನ್ನು ಅಳೆಯುತ್ತಾರೆ. ಸಲಾಕೆಗಳ ಅಂತರವನ್ನು ಹಿಗ್ಗಿಸಿದಂತೆ ಆಳದ ಪದರಗಳ ಪ್ರಭಾವ ಅಳತೆಯಲ್ಲಿ ತೋರುತ್ತದೆ.

ಈ ಉಪಕರಣವು ನೀರನ್ನು ಕಾಣುವುದಿಲ್ಲ, ರೋಧಕತೆಯನ್ನಷ್ಟೇ ಅಳೆಯುತ್ತದೆ. ಬಿರುಕಿಲ್ಲದ ಗ್ರಾನೈಟಿನಲ್ಲಿ ಅದು ಸಾವಿರಾರು ಓಂ-ಮೀಟರ್ ಇರುತ್ತದೆ. ನೀರು ತುಂಬಿದ ಶಿಥಿಲ ಶಿಲೆಯಲ್ಲಿ ಬಹಳ ಕಡಿಮೆ. ಆದರೆ ಜಂಬಿಟ್ಟಿಗೆಯ ಅಡಿಯಲ್ಲಿರುವ ಶೇಡಿಮಣ್ಣಿನ ರೋಧಕತೆಯೂ ಕಡಿಮೆಯೇ. ಶೇಡಿಯು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಾವಿಗೆ ಬಿಟ್ಟುಕೊಡುವುದಿಲ್ಲ. ಇಳಿದ ಅಂಕಿಯನ್ನೆಲ್ಲ ನೀರೆಂದು ಓದಿದವರು ಮೋಸಹೋಗುವುದು ಇಲ್ಲಿಯೇ. ಬಹು ಆಳದಲ್ಲಿರುವ ಕಿರಿದಾದ ಬಿರುಕುಗಳು ಈ ಅಳತೆಗೆ ಸಿಗದೆಯೂ ಹೋಗಬಹುದು. ಸಮೀಪದ ತಂತಿಬೇಲಿ, ಹೂತ ಕಬ್ಬಿಣದ ಕೊಳವೆಗಳೂ ಅಂಕಿಗಳನ್ನು ಕೆಡಿಸುತ್ತವೆ.

ಆದುದರಿಂದ ಸಮೀಕ್ಷೆಗೆ ಬಂದವರು ಒಂದೇ ಜಾಗದಲ್ಲಿ ಅಳೆದು ಗೂಟ ಹೊಡೆದರೆ ಒಪ್ಪಬಾರದು. ಹಲವು ಜಾಗಗಳ ಅಂಕಿಗಳನ್ನೂ ನಕ್ಷೆಯನ್ನೂ ಬರೆಹದಲ್ಲಿ ಕೇಳಿ ಪಡೆಯಬೇಕು. ನೆರೆಯ ತೆರೆದ ಬಾವಿಯ ಗೋಡೆಯಲ್ಲಿ ಯಾವ ಆಳಕ್ಕೆ ಶೇಡಿ, ಯಾವ ಆಳಕ್ಕೆ ಬಂಡೆ ಎಂಬುದನ್ನು ನೋಡಿ ಹೋಲಿಸಬೇಕು. ವಿದ್ಯಾರ್ಥಿಗಳು ಊರಿನ ಬಾವಿ, ಒರತೆಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ ಆ ಹೋಲಿಕೆ ಇನ್ನಷ್ಟು ಗಟ್ಟಿಯಾದೀತು. ಕೊರೆಯುವುದು ಬೇಡವೆಂಬ ವರದಿ ಬಂದರೂ ಸಮೀಕ್ಷೆಯ ಖರ್ಚು ವ್ಯರ್ಥವಲ್ಲ. ಅದು ದೊಡ್ಡ ಸಾಲವೊಂದನ್ನು ತಪ್ಪಿಸಿರುತ್ತದೆ.

ನೀರು ಇರಬಹುದಾದ ಸ್ಥಳವನ್ನು ಸಮೀಕ್ಷೆ ಸೂಚಿಸೀತು. ವರ್ಷವರ್ಷವೂ ಅಲ್ಲಿ ಎಷ್ಟು ನೀರು ತುಂಬುವುದೆಂದು ಹೇಳಲಾರದು. ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆ ಶೇಡಿಯ ಮೇಲೆ ತಡೆದು, ಇಳಿಜಾರಿನಲ್ಲಿ ಒರತೆಯಾಗಿ ಹೊರಡುತ್ತದೆ. ಮೇಲಿನ ಸೊಪ್ಪಿನಬೆಟ್ಟ ಬೋಳಾಗಿ ಮಳೆಯೆಲ್ಲ ಹರಿದುಹೋದರೆ ಒರತೆಯೂ ಬತ್ತುತ್ತದೆ, ಸರಿಯಾದ ಜಾಗದಲ್ಲಿ ಕೊರೆದ ಬಾವಿಯೂ ಸೊರಗುತ್ತದೆ. ಬಾವಿಗೆ ಜಾಗ ಹುಡುಕುವ ಊರು ತನ್ನ ಬೆಟ್ಟದ ಹಸಿರನ್ನೂ ಅಷ್ಟೇ ಶ್ರದ್ಧೆಯಿಂದ ಕಾಯಬೇಕಾಗಿದೆ.