ಹಗುರವಾದ ಬಾಗಿಲು ಮತ್ತು ಎಡ ಪಕ್ಕೆ



ವೈದ್ಯನನ್ನು ಕರೆದರೆ ಕೊಲೆಸ್ಟರಾಲಿನ ಮಾತು ಖಂಡಿತವೆಂದು ತಾವು ಭಾವಿಸಿರಬಹುದು. ನಾನು ಕಾರಿನ ಬಾಗಿಲಿನ ಬಗ್ಗೆ ಮಾತನಾಡಲಿದ್ದೇನೆ. ಅಮೆರಿಕದಲ್ಲಿ ಬೆಳೆದ ನಮ್ಮ ತರುಣರಲ್ಲಿ ಕೆಲವರು ಹಳೆಯ ಕಾರನ್ನು ಗ್ಯಾರೇಜಿನಲ್ಲಿ ಬಿಚ್ಚಿ ಹೊಸದಾಗಿ ಕಟ್ಟುತ್ತಾರೆ. ಒಳ್ಳೆಯ ಹವ್ಯಾಸ, ಟಿ.ವಿ. ಮುಂದೆ ಕುಳಿತಿರುವುದಕ್ಕಿಂತ ಎಷ್ಟೋ ಮೇಲು. ವೇಗಕ್ಕಾಗಿ ಅವರು ಮೊದಲು ಕೈಹಾಕುವುದು ಭಾರ ಇಳಿಸುವುದಕ್ಕೆ.

ಬಾಗಿಲಿನಲ್ಲಿ ತೆಗೆಯಬಹುದಾದುದು ಸಾಕಷ್ಟಿದೆ: ಸ್ಪೀಕರ್, ಗಾಜು ಏರಿಸುವ ಮೋಟಾರು, ಶಬ್ದ ತಡೆಯಲು ಅಂಟಿಸಿದ ಡಾಂಬರಿನಂಥ ಹಾಳೆ. ಗಾಜಿನ ಬದಲು ಅಷ್ಟೇ ದಪ್ಪದ ಪಾಲಿಕಾರ್ಬೊನೇಟ್ ಹಾಕಿದರೆ ತೂಕ ಅರ್ಧಕ್ಕಿಳಿಯುತ್ತದೆ. ಆದರೆ ರಸ್ತೆಯ ಕಾರಿಗೆ ಕಾನೂನಿನ ತೊಡಕಿದೆ, ಅಪಘಾತದಲ್ಲಿ ಅದನ್ನು ಒಡೆದು ಒಳಗಿನವರನ್ನು ಹೊರತೆಗೆಯುವುದೂ ಕಷ್ಟ.

ಮುಟ್ಟಬಾರದ ವಸ್ತುವೊಂದಿದೆ. ಹೊರತಗಡಿನ ಹಿಂದೆ ಅಡ್ಡಲಾಗಿರುವ ಉಕ್ಕಿನ ತೊಲೆ. ಅಮೆರಿಕದ ಸುರಕ್ಷತಾ ನಿಯಮ 214 ಬಾಗಿಲಿಗೆ ಇಂಥ ಬಲವನ್ನು 1973ರಿಂದ ಕಡ್ಡಾಯಗೊಳಿಸಿತು; 1994ರ ಮಾದರಿಗಳಿಂದ ಹಂತಹಂತವಾಗಿ ಪಕ್ಕದ ಡಿಕ್ಕಿಯ ಪರೀಕ್ಷೆಯೂ ಸೇರಿತು. ಇದನ್ನು ಕತ್ತರಿಸಿದರೆ ಉಳಿಯುವುದು ಕೆಲವೇ ಕಿಲೋ.

ಮುಂದಿನಿಂದ ಡಿಕ್ಕಿಯಾದರೆ ಹಲವು ಅಡಿಗಳ ತಗಡು ಮಡಚಿಕೊಂಡು ಆಘಾತವನ್ನು ಹೀರುತ್ತದೆ. ಪಕ್ಕದಲ್ಲಿ ಬಾಗಿಲಿಗೂ ಪಕ್ಕೆಲುಬಿಗೂ ನಡುವೆ ಒಂದು ಗೇಣಿದ್ದರೆ ಹೆಚ್ಚು. ಈ ದೇಶದಲ್ಲಿ ಚಾಲಕ ಎಡಕ್ಕೆ ಕುಳಿತಿರುತ್ತಾನೆ. ಎಡಗಡೆಯ 9ರಿಂದ 11ನೆಯ ಪಕ್ಕೆಲುಬುಗಳ ಅಡಿಯಲ್ಲಿ ಗುಲ್ಮ, ಅಂದರೆ ಸ್ಪ್ಲೀನ್, ಇದೆ. ರಕ್ತ ತುಂಬಿದ ಮೃದುವಾದ ಅಂಗ. ಅದು ಸೀಳಿದಾಗ ಹೊರಗೆ ಒಂದು ಹನಿಯೂ ಕಾಣದಿರಬಹುದು. ಹುಡುಗ ನಡೆದುಕೊಂಡೇ ಬಂದು "ಏನೂ ಆಗಿಲ್ಲ ಅಪ್ಪಾ" ಎನ್ನುತ್ತಾನೆ. ಗಂಟೆಗಳ, ಕೆಲವೊಮ್ಮೆ ದಿನಗಳ ನಂತರ ಕುಸಿಯುತ್ತಾನೆ. ಪಕ್ಕದ ಡಿಕ್ಕಿಯ ಮೇಲೆ ಹೊಟ್ಟೆನೋವು, ತಲೆಸುತ್ತು, ಏಟು ಬೀಳದ ಎಡ ಹೆಗಲಿನಲ್ಲಿ ನೋವು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನೋವಿನ ಮಾತ್ರೆ ಕೊಟ್ಟು ಮಲಗಿಸಬೇಡಿ.

ರೇಸಿನ ಕಾರುಗಳ ಬಾಗಿಲು ಬರಿಯ ತಗಡಲ್ಲವೇ ಎಂದು ತರುಣರು ವಾದಿಸುತ್ತಾರೆ. ನಿಜ. ಅಲ್ಲಿ ಚಾಲಕನ ಪಕ್ಕದಲ್ಲಿ ರೋಲ್ ಕೇಜಿನ ದಪ್ಪ ಕೊಳವೆಗಳಿವೆ, ತಲೆಗೆ ಹೆಲ್ಮೆಟ್ ಇದೆ. ಹೆಲ್ಮೆಟ್ ಇಲ್ಲದೆ ಕಾಲೇಜಿಗೆ ಓಡಿಸುವ ಕಾರಿನಲ್ಲಿ ಅದೇ ಕೊಳವೆ ತಲೆಬುರುಡೆಗೆ ಅಪಾಯ.

ಆದುದರಿಂದ ತಂದೆತಾಯಂದಿರು ಒಮ್ಮೆ ಗ್ಯಾರೇಜಿಗೆ ಹೋಗಿ ತೊಲೆ ಸ್ವಸ್ಥಾನದಲ್ಲಿದೆಯೇ ಎಂದು ಕೇಳಿರಿ. ಭಾರ ಇಳಿಸಲೇಬೇಕಾದರೆ ಹಿಂದಿನ ಸೀಟಿದೆ, ಅದನ್ನು ತೆಗೆಯಲಿ. ಪ್ರಶ್ನೆಗಳಿದ್ದರೆ ಊಟದ ವೇಳೆಯಲ್ಲಿ ಮಾತನಾಡೋಣ.