ಕರುವಿನ ಹುಟ್ಟೂರು ಕೇಳಿರಿ

(ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣದ ಸಾರಾಂಶ)



ಬ್ರೆಜಿಲ್ ದೇಶದ ಅಮೆಜಾನ್ ಕಾಡಿನಲ್ಲಿ ಈವರೆಗೆ ಕಡಿದ ನೆಲದ ಬಹುಪಾಲು ದನಗಳ ಹುಲ್ಲುಗಾವಲಾಗಿದೆ. ಇದು ಬಡವರ ಹಸಿವಿನಿಂದ ಮಾತ್ರ ಆದದ್ದಲ್ಲ. 1964ರಲ್ಲಿ ಅಧಿಕಾರ ಹಿಡಿದ ಸೈನಿಕ ಸರ್ಕಾರವು ತೆರಿಗೆ ರಿಯಾಯಿತಿ ಕೊಟ್ಟು ದೊಡ್ಡ ಬಂಡವಾಳಗಾರರನ್ನು ಕಾಡಿಗೆ ಕರೆಯಿತು.

ಎದುರಿಸಿದವರು ಯಾರು? ರಬ್ಬರ್ ಹಾಲು ತೆಗೆಯುವ ಬಡವರು. ಶಪುರಿ ಊರಿನ ಕಾರ್ಮಿಕ ಸಂಘದ ನಾಯಕ ಚಿಕೊ ಮೆಂಡೆಸ್ ಮತ್ತು ಸಂಗಾತಿಗಳು ಹೆಂಡಿರು ಮಕ್ಕಳೊಡನೆ ಮರಗಳ ಮುಂದೆ ನಿಂತರು. 1988ರ ಡಿಸೆಂಬರ್ 22ರಂದು, ದನ ಸಾಕುವ ಜಮೀನ್ದಾರನೊಬ್ಬನ ಸಂಚಿನಿಂದ ಮೆಂಡೆಸ್ ಗುಂಡಿಗೆ ಬಲಿಯಾದರು. 1990ರಲ್ಲಿ ಅವರ ಹೆಸರಿನಲ್ಲಿ ಒಂದು ಕಾಡನ್ನು ಅಲ್ಲಿ ದುಡಿಯುವವರಿಗಾಗಿ ಕಾದಿರಿಸಲಾಯಿತು. ಇಂದು ಅದರೊಳಗೂ ದನಗಳು ನುಗ್ಗಿವೆ.

2009ರಲ್ಲಿ ಪರಾ ಪ್ರಾಂತದಲ್ಲಿ ಸರ್ಕಾರಿ ಅಭಿಯೋಜಕರು ಮೊಕದ್ದಮೆ ಹೂಡಿದ ಮೇಲೆ, ಕಾನೂನು ಮೀರಿ ಕಾಡು ಕಡಿದವರಿಂದ ದನ ಕೊಳ್ಳುವುದಿಲ್ಲವೆಂದು ದೊಡ್ಡ ಕಸಾಯಿಖಾನೆಗಳು ಸಹಿ ಹಾಕಿದವು. ಆದರೆ ಮೋಸ ಎಲ್ಲಿದೆ ನೋಡಿರಿ! ಕರು ಹುಟ್ಟುವುದು ಒಂದು ಜಮೀನಿನಲ್ಲಿ, ಕೊಬ್ಬುವುದು ಇನ್ನೊಂದರಲ್ಲಿ. ಕಸಾಯಿಖಾನೆಗಳು ಬಹುಕಾಲ ಕೊನೆಯ ಮಾರಾಟಗಾರನ ಕಾಗದವನ್ನಷ್ಟೇ ನೋಡಿದವು. ಸುಟ್ಟ ಕಾಡಿನ ಕರು ಹೀಗೆ ಮಡಿಯುಟ್ಟು ಮಾರುಕಟ್ಟೆಗೆ ಬಂದಿತು.

ಆದುದರಿಂದ ಪ್ರತಿ ಕರುವಿಗೂ ಹುಟ್ಟಿದಲ್ಲಿಯೇ ಕಿವಿಗೆ ಗುರುತಿನ ಬಿಲ್ಲೆ ಬೀಳಬೇಕು. ಅದರ ಖರ್ಚನ್ನು ಸಣ್ಣ ರೈತನ ತಲೆಗೆ ಕಟ್ಟಕೂಡದು. ಲಾಭ ಉಣ್ಣುವ ಕಂಪನಿ ಕೊಡಲಿ. ಸವೆದ ಹುಲ್ಲುಗಾವಲನ್ನು ಸುಧಾರಿಸಿದರೆ ಇರುವ ನೆಲದಲ್ಲಿಯೇ ಹೆಚ್ಚು ದನ ಮೇಯಬಹುದು, ನಿಜ. ಆದರೆ ಕಾವಲಿಲ್ಲದ ಸುಧಾರಣೆ ಲಾಭದಾಸೆ ಬೆಳೆಸಿ ಕಾಡಿಗೆ ಮತ್ತೆ ಕೊಡಲಿ ತರುತ್ತದೆ.

ಮಾಂಸ ತಿನ್ನುವವನನ್ನು ಹಳಿದ ಮಾತ್ರಕ್ಕೆ ಕಾಡು ಉಳಿಯದು. ನೆಲ ಯಾರ ಕೈಯಲ್ಲಿದೆ, ಲೆಕ್ಕ ಬಚ್ಚಿಟ್ಟವರು ಯಾರು ಎಂದು ಕೇಳಬೇಕು. ಕಾಡಿನಲ್ಲಿ ಬಾಳುವವರ ಸಂಘವೇ ಕಾಡಿಗೆ ಗಟ್ಟಿ ಬೇಲಿ.