ಮೀನಿದ್ದ ಕಡಲು, ಕೂಳಿಲ್ಲದ ದಡ

(ಪಕ್ಷದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಐರ್ಲೆಂಡಿನ ಕಡಲ ದಂಡೆಯನ್ನು ಸುತ್ತಿಬಂದ ನೆನಪುಗಳನ್ನು ಹೇಳಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ನಾವು ನಾಲ್ವರು ಗೆಳೆಯರು ಬಾಡಿಗೆ ಕಾರಿನಲ್ಲಿ ತೆಂಕಣ ಕೋವ್ ಬಂದರಿನಿಂದ ಹೊರಟು, ಪಡುವಣ ದಂಡೆ ಹಿಡಿದು, ಮೇಯೋ ಜಿಲ್ಲೆಯ ಅಕಿಲ್ ದ್ವೀಪದವರೆಗೆ ಹೋದೆವು. ಕರಿಬಂಡೆ, ಹಸುರು ಗುಡ್ಡ, ಗಳಿಗೆಗೊಮ್ಮೆ ಬಂದು ಹೋಗುವ ಮಳೆ, ಕಲ್ಲುಗೋಡೆಯ ಆಚೆ ಮೇಯುವ ಕುರಿ, ಇವನ್ನು ಬಣ್ಣಿಸುತ್ತ ಹೊತ್ತು ಕಳೆಯಬಹುದು. ಆದರೆ ದಾರಿಯುದ್ದಕ್ಕೂ ನಮ್ಮನ್ನು ಕಾಡಿದ್ದು ಒಂದು ಪ್ರಶ್ನೆ. ಮೀನಿರುವ ಕಡಲಿನ ಮಗ್ಗುಲಲ್ಲೇ ಇದ್ದ ಜನ ಹಸಿವಿನಿಂದ ಸತ್ತದ್ದು ಹೇಗೆ? ಅದನ್ನೇ ತಮ್ಮ ಮುಂದೆ ಇಡುತ್ತೇವೆ.

ಟೈಟಾನಿಕ್ ಹಡಗು 1912ರ ಏಪ್ರಿಲ್ 11ರಂದು ಕೊನೆಯ ಸಲ ತಂಗಿದ್ದು ಕೋವ್ ಬಂದರಿನಲ್ಲಿ. ಪ್ರವಾಸಿಗಳು ಅದಕ್ಕಾಗಿ ಬರುತ್ತಾರೆ. ಆದರೆ 1848ರಿಂದ 1950ರವರೆಗೆ ಸುಮಾರು 25 ಲಕ್ಷ ಜನ ನಾಡು ಬಿಟ್ಟು ಹೋದದ್ದೂ ಇದೇ ಬಂದರಿನಿಂದ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕಚೇರಿ ತೆರೆದಾಗ ಅಲ್ಲಿ ಮೊದಲು ಹೆಸರು ಬರೆಸಿದವಳು ಇಲ್ಲಿಂದ ಹೊರಟ ಆನಿ ಮೂರ್ ಎಂಬ ಹುಡುಗಿ. ತಮ್ಮಂದಿರಿಬ್ಬರ ಜೊತೆ ನಿಂತ ಅವಳ ಪ್ರತಿಮೆ ದಡದಲ್ಲಿದೆ.

ಅಲ್ಲಿಂದ ಪಡುವಲಿಗೆ ಸ್ಕಿಬ್ಬರೀನ್ ಎಂಬ ಸಣ್ಣ ಪೇಟೆ. ಊರ ಹೊರಗಿನ ಸ್ಮಶಾನದಲ್ಲಿ ಒಂದು ಹುಲ್ಲುಹಾಸಿನ ಕೆಳಗೆ 8,000ದಿಂದ 10,000 ಜನರನ್ನು ಗುಂಡಿಗಳಲ್ಲಿ ಒಟ್ಟೊಟ್ಟಾಗಿ ಹೂಳಿದ್ದಾರೆ. ಒಬ್ಬೊಬ್ಬರ ಹೆಸರಿನ ಕಲ್ಲಿಲ್ಲ. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಬಡಿಯಿತು. ನಮ್ಮ ಹಾಸನದ ರೈತರು ಬಲ್ಲ ರೋಗವೇ ಅದು. 1852ರ ವೇಳೆಗೆ ಸುಮಾರು ಹತ್ತು ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ಕ್ಕೆ 66 ಲಕ್ಷಕ್ಕೆ ಇಳಿಯಿತು. ಇಡೀ ದ್ವೀಪವನ್ನು ಲೆಕ್ಕಕ್ಕೆ ಹಿಡಿದರೂ ಹಳೆಯ ಸಂಖ್ಯೆಯನ್ನು ಅದು ಇಂದಿಗೂ ಮುಟ್ಟಿಲ್ಲ.

ಹಾಗಾದರೆ ಮೀನು? ಅವರ ದೋಣಿ ನಮ್ಮ ತುಂಗಭದ್ರೆಯ ಹರಿಗೋಲಿನ ಜಾತಿಯದು. ಕಡ್ಡಿಯ ಹಂದರಕ್ಕೆ ತೊಗಲು ಇಲ್ಲವೆ ಡಾಮರು ಬಳಿದ ಬಟ್ಟೆ ಹೊದಿಸಿದ್ದು. ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಅದು ಆಳಕ್ಕೆ ಹೋಗಲಾರದು. ಹಿಡಿದ ಮೀನನ್ನು ಕಾಪಾಡಲು ಉಪ್ಪು, ಸಾಗಿಸಲು ರಸ್ತೆ, ನಿಲ್ಲಲು ಧಕ್ಕೆ ಬೇಕಷ್ಟೆ. ಗಾಲ್ವೇ ಊರಿನ ಕ್ಲಾಡಾ ಕೇರಿಯ ಬೆಸ್ತರು ಮೊದಲ ಹಸಿವಿಗೇ ಬಲೆಗಳನ್ನು ಅಡವಿಟ್ಟರು. ಬಲೆ ಹೋದ ಮೇಲೆ ಕಡಲಿದ್ದೇನು ಫಲ? ಬಡವರು ದಡದ ಚಿಪ್ಪನ್ನೂ ಪಾಚಿಯನ್ನೂ ಕೆರೆದು ತಿಂದರು.

ನೆಲದ ಕಥೆಯೂ ಇಷ್ಟೇ. ಒಕ್ಕಲು ಓಟ್ಸ್ ಬೆಳೆಯುತ್ತಿದ್ದದ್ದು ಗೇಣಿ ಕಟ್ಟಲು, ಆಲೂಗಡ್ಡೆ ಬೆಳೆಯುತ್ತಿದ್ದದ್ದು ಹೊಟ್ಟೆಗೆ. ರೋಗ ಹೊಟ್ಟೆಯ ಬೆಳೆಯನ್ನು ಕೊಂದಿತು; ಗೇಣಿಯ ಬೆಳೆ ಉಳಿಯಿತು. ಆದುದರಿಂದ ಹಸಿದ ನಾಡಿನಿಂದಲೇ ಧಾನ್ಯ, ಬೆಣ್ಣೆ, ದನಗಳು ಇಂಗ್ಲೆಂಡಿಗೆ ಹೋಗುತ್ತಿದ್ದವು. 1847ರಲ್ಲಿ ಅಮೆರಿಕದ ಮೆಕ್ಕೆಜೋಳ ಹೇರಳವಾಗಿ ಬಂದದ್ದೂ ನಿಜ. ಕೊಳ್ಳಲು ಕಾಸಿಲ್ಲದವನಿಗೆ ಅದು ಬಂದರೇನು, ಬಾರದಿದ್ದರೇನು? ಅದೇ ವರ್ಷದ ಕಾಯಿದೆಯ ಪ್ರಕಾರ ಕಾಲು ಎಕರೆಗಿಂತ, ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆಗಿಂತ, ಹೆಚ್ಚು ಭೂಮಿ ಮಾಡುವವನು ಅದನ್ನು ಬಿಟ್ಟುಕೊಟ್ಟ ಹೊರತು ಸರ್ಕಾರದ ನೆರವಿಲ್ಲ. ಗಂಜಿ ಬೇಕಾದರೆ ಭೂಮಿ ಬಿಡು ಎಂಬುದೇ ಇದರ ಅರ್ಥ.

ಆ ನೆರವಿನ ಹಣಕ್ಕೆ ಕಾವಲಿದ್ದವನು ಲಂಡನ್ ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್. ವ್ಯಾಪಾರದಲ್ಲಿ ಸರ್ಕಾರ ಕೈಹಾಕಬಾರದು ಎಂಬುದು ಅವನ ಮತ. ಅವನು ನಮಗೆ ಅಪರಿಚಿತನಲ್ಲ. ಮೊದಲು ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗಿದ್ದವನು, 1859ರಲ್ಲಿ ಮದರಾಸಿನ ಗವರ್ನರನಾಗಿ ಬಂದ. ಬಳ್ಳಾರಿಯೂ ಕರಾವಳಿಯ ಕೆನರಾ ಜಿಲ್ಲೆಯೂ ಆಗ ಅದೇ ಪ್ರಾಂತ್ಯದಲ್ಲಿದ್ದವು.

ಅಕಿಲ್ ದ್ವೀಪದಲ್ಲಿ ಸ್ಲೀವ್‌ಮೋರ್ ಬೆಟ್ಟದ ಬುಡಕ್ಕೆ ಸುಮಾರು ನೂರು ಕಲ್ಲುಮನೆಗಳ ಪಾಳುಹಳ್ಳಿ ಇದೆ. ಸೂರಿಲ್ಲ, ಗೋಡೆಗಳಿವೆ, ಸುತ್ತಲೂ ಹಳೆಯ ಏರುಮಡಿಗಳ ಗೀರು ಹುಲ್ಲಿನಡಿ ಕಾಣುತ್ತದೆ. ಇದೇ ದ್ವೀಪಕ್ಕೆ 1854ರಲ್ಲಿ ಚಾರ್ಲ್ಸ್ ಬಾಯ್ಕಾಟ್ ಎಂಬ ಇಂಗ್ಲಿಷಿನವನು ಬಂದು ಹಲವು ವರ್ಷ ಇದ್ದ. ಆಮೇಲೆ ಒಳನಾಡಿನ ಮಾಸ್ಕ್ ಸರೋವರದ ಬಳಿ ಅರ್ನ್ ಪ್ರಭುವಿನ ಜಮೀನಿಗೆ ಪಾರುಪತ್ಯಗಾರನಾದ. 1879ರಲ್ಲಿ ಮೈಕೆಲ್ ಡೇವಿಟ್, ಪಾರ್ನೆಲ್ ಮುಂತಾದವರು ಲ್ಯಾಂಡ್ ಲೀಗ್ ಕಟ್ಟಿದ್ದರು. ಡೇವಿಟ್ ಮೇಯೋ ಜಿಲ್ಲೆಯವನೇ. ಮಗುವಾಗಿದ್ದಾಗ ಅವನ ಮನೆಯವರನ್ನು ಒಕ್ಕಲೆಬ್ಬಿಸಿದ್ದರು. 1880ರಲ್ಲಿ ಗೇಣಿ ಇಳಿಸಿರೆಂದು ಕೇಳಿದ ಒಕ್ಕಲುಗಳಿಗೆ ಬಾಯ್ಕಾಟ್ ಬೇದಖಲಿ ನೋಟೀಸು ಕಳಿಸಿದ. ಯಾರೂ ಅವನ ಮೈಮುಟ್ಟಲಿಲ್ಲ. ಕೂಲಿಯವರು ಹೊಲ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ, ಕಮ್ಮಾರ ಕುದುರೆಗೆ ಲಾಳ ಕಟ್ಟಲಿಲ್ಲ. ಸುಮಾರು 500 ಪೌಂಡ್ ಬೆಲೆಯ ಫಸಲು ತೆಗೆಯಲು 50 ಮಂದಿ ಆಳುಗಳನ್ನು ಹೊರಗಿನಿಂದ ಕರೆತಂದು, ಸೈನ್ಯ ಪೊಲೀಸರ ಕಾವಲಿಟ್ಟು, 10,000 ಪೌಂಡ್ ಖರ್ಚಾಯಿತೆಂದು ಅಂದಾಜು. ಡಿಸೆಂಬರಿನಲ್ಲಿ ಅವನು ನಾಡು ಬಿಟ್ಟ. ಅವನ ಹೆಸರೇ ಒಂದು ಕ್ರಿಯಾಪದವಾಗಿ ಉಳಿಯಿತು. 1905ರ ಸ್ವದೇಶಿ ಚಳವಳಿಯಲ್ಲಿ ಅದು ನಮ್ಮ ಬಾಯಿಗೂ ಬಂತು. 1881ರ ಕಾಯಿದೆ ನ್ಯಾಯವಾದ ಗೇಣಿಯನ್ನೂ ಗೇಣಿಯ ಭದ್ರತೆಯನ್ನೂ ಒಪ್ಪಿತು. 1903ರ ಕಾಯಿದೆಯಿಂದ ಒಕ್ಕಲುಗಳು ಭೂಮಿಯನ್ನೇ ಕೊಳ್ಳುವ ದಾರಿ ಅಗಲವಾಯಿತು.

ಸಂಗಾತಿಗಳೇ, 1951ರ ಕಾಗೋಡಿನ ಗೇಣಿದಾರರು ಕೊಳಗದ ಅಳತೆಗಾಗಿ ಜೈಲಿಗೆ ಹೋದದ್ದನ್ನು ಬಲ್ಲ ನಮಗೆ ಇದರ ತಾತ್ಪರ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಗ ಬೆಳೆಗೆ ಬರುತ್ತದೆ. ಅದನ್ನು ಕ್ಷಾಮವಾಗಿಸುವುದು ಗೇಣಿ, ಸಾಲ ಮತ್ತು ಕಾಯಿದೆ. ಇವು ಮೂರೂ ಮನುಷ್ಯರು ಮಾಡಿದವು. ಮನುಷ್ಯರು ಒಟ್ಟಾಗಿ ನಿಂತರೆ ತಿದ್ದಬಹುದಾದವು. ಐರ್ಲೆಂಡಿನ ಒಕ್ಕಲುಗಳು ಅದನ್ನು ಮಾಡಿ ತೋರಿಸಿದರು. ಆದರೆ ಹತ್ತು ಲಕ್ಷ ಜನ ಸತ್ತು ಮೂವತ್ತು ವರ್ಷ ಕಳೆದ ಮೇಲೆ. ಅಷ್ಟು ತಡವಾಗದಂತೆ ನೋಡಿಕೊಳ್ಳುವುದೇ ನಮ್ಮಂಥ ಪಕ್ಷಗಳ ಕೆಲಸ ಎಂದು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ.